ಅಂಟಿದಲ್ಲಿ ಮಾತ್ರ ಬೆಳಕು

11 ನವೆಂಬರ್ 2024, ಸೋಮವಾರ

ಇವತ್ತು ಲ್ಯಾಬಿನಲ್ಲಿ ಕ್ಷಯದ ಪರೀಕ್ಷೆಗೆ ಬಂದ ಕಫದ ಡಬ್ಬಿಗಳು ರಾಶಿ ಬಿದ್ದಿದ್ದವು. ಹೊಸದಾಗಿ ಸೇರಿದ ಟೆಕ್ನಿಷಿಯನ್ ಹುಡುಗನಿಗೆ ಆರಮಿನ್ ಬಣ್ಣ ಹಾಕುವುದನ್ನು ಪಕ್ಕದಲ್ಲೇ ನಿಂತು ಕಲಿಸಿದೆ. ಸ್ಲೈಡಿನ ಮೇಲೆ ಕಫ ಸವರಿ, ಒಣಗಿಸಿ, ಬಿಸಿ ತೋರಿಸಿ, ಹಳದಿ ಬಣ್ಣ ಸುರಿದು 20 ನಿಮಿಷ ಬಿಡಬೇಕು. ಆಮೇಲೆ ಆಮ್ಲ ಬೆರೆತ ಸ್ಪಿರಿಟ್ಟಿನಲ್ಲಿ ತೊಳೆಯಬೇಕು. ಮಿಕ್ಕ ಜೀವಕೋಶಗಳೆಲ್ಲ ಬಣ್ಣ ಬಿಟ್ಟುಕೊಡುತ್ತವೆ. ಕ್ಷಯದ ಬ್ಯಾಸಿಲಸ್ ಮಾತ್ರ ಬಿಡುವುದಿಲ್ಲ, ಅದರ ಗೋಡೆಯಲ್ಲಿ ಮೈಕೋಲಿಕ್ ಆಮ್ಲದ ಮೇಣ ಇದೆ. ಕೊನೆಗೆ ಒಂದು ನಿಮಿಷ ಪರ್ಮಾಂಗನೇಟ್.

"ಬಣ್ಣ ಹಾಕಿ ತೊಳೆದಾಯ್ತಲ್ಲ ಮೇಡಂ, ಪರ್ಮಾಂಗನೇಟ್ ಯಾಕೆ?" ಎಂದ. ಈ ಪ್ರಶ್ನೆ ಕೇಳುವವರು ಕಡಿಮೆ; ಹೆಚ್ಚಿನವರು ಪಟ್ಟಿಯಲ್ಲಿದೆ ಎಂದು ಹಾಕುತ್ತಾರೆ. ಪರ್ಮಾಂಗನೇಟ್ ಏನನ್ನೂ ತೋರಿಸುವುದಕ್ಕಲ್ಲ, ಅಡಗಿಸುವುದಕ್ಕೆ. ಕಫದ ಲೋಳೆ, ಸತ್ತ ಜೀವಕೋಶ, ಊಟದ ಚೂರು, ಇವುಗಳಲ್ಲಿ ಉಳಿದ ಮಿಣುಕನ್ನೆಲ್ಲ ಅದು ಕೊಲ್ಲುತ್ತದೆ. ಹೊತ್ತು ಮೀರಿ ಬಿಟ್ಟರೆ ಬ್ಯಾಸಿಲಸ್ಸಿನ ಬೆಳಕೂ ಹೋಗುತ್ತದೆ. ಹಾಗಾಗಿಯೇ ಗಡಿಯಾರ.

ಎಲ್‌ಇಡಿಯ ನೀಲಿ ಬೆಳಕಿನಲ್ಲಿ ಸ್ಲೈಡು ಇಟ್ಟು ತೋರಿಸಿದೆ. ಕಪ್ಪು ಬಯಲು, ಅದರಲ್ಲಿ ಹಳದಿ-ಹಸಿರು ಕಡ್ಡಿಗಳು. ಹುಡುಗ "ಅಬ್ಬಾ" ಎಂದ. ನಾನು ಕೆಲಸಕ್ಕೆ ಸೇರಿದಾಗ ಇದು ಇರಲಿಲ್ಲ. ಜೀಲ್-ನೀಲ್ಸನ್ ಬಣ್ಣದಲ್ಲಿ ನೀಲಿಯ ಮೇಲೆ ಕೆಂಪು ಕಡ್ಡಿ ಹುಡುಕಬೇಕಿತ್ತು, ಎಣ್ಣೆ ಹಾಕಿ ಸಾವಿರ ಪಟ್ಟು ಹಿಗ್ಗಿಸಿ. ಮಧ್ಯಾಹ್ನದ ಹೊತ್ತಿಗೆ ಕತ್ತು ಬಿದ್ದುಹೋಗುತ್ತಿತ್ತು. ಆರಮಿನ್ ಆದರೆ 200 ಪಟ್ಟು ಸಾಕು, ಒಂದೇ ನೋಟಕ್ಕೆ ಬಹಳ ಜಾಗ ಸಿಗುತ್ತದೆ. ಹತ್ತಿರಹತ್ತಿರ ಶೇಕಡಾ 10ರಷ್ಟು ಹೆಚ್ಚು ರೋಗಿಗಳು ಸಿಕ್ಕಿಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಎಲ್‌ಇಡಿ ಸೂಕ್ಷ್ಮದರ್ಶಕಕ್ಕೆ ಬದಲಾಗಿ ಎಂದಿತು. ಅದಕ್ಕೆ ಮುಂಚೆ ಪಾದರಸದ ದೀಪ: ಕತ್ತಲ ಕೋಣೆ ಬೇಕು, ಕೆಲವು ನೂರು ಗಂಟೆಗೇ ಬಲ್ಬು ಮುಗಿಯುತ್ತದೆ. ಜಿಲ್ಲಾ ಆಸ್ಪತ್ರೆಗಳ ಪಾಲಿಗೆ ಈ ವಿದ್ಯೆಯನ್ನು ಸಾಧ್ಯ ಮಾಡಿದ್ದು ಹೊಸ ಬಣ್ಣವಲ್ಲ, ಅಗ್ಗದ ದೀಪ.

ನಾನು ಇದನ್ನು ಕಲಿತದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಅರಸರ ಹಳೆಯ ಬಂಗಲೆ ಅವಲಾನ್‌ನಲ್ಲಿದೆ. 1960ರಲ್ಲಿ ನೆಹರು ಬಂದು ಉದ್ಘಾಟಿಸಿದ್ದು. ಅಷ್ಟು ದೊಡ್ಡ ಮರಗಳ ಕೆಳಗೆ ಕಫ ನೋಡುವುದನ್ನು ಕಲಿತೆವು.

18 ನವೆಂಬರ್, ಸೋಮವಾರ

ಭದ್ರಾ ನಾಲೆಯ ಸೀಮೆಯಲ್ಲಿ ಕೊಯ್ಲು ಶುರು. ಅದು ನನಗೆ ಗೊತ್ತಾಗುವುದು ಕಣ್ಣಿನ ವಿಭಾಗದಿಂದ ಬರುವ ಸ್ಲೈಡುಗಳಿಂದ.

ಇವತ್ತು ಬಂದದ್ದು ಐವತ್ತರ ಆಸುಪಾಸಿನ ಹೆಂಗಸು. ರಾಶಿ ತೂರುವಾಗ ಭತ್ತದ ಹೊಟ್ಟು ಕಣ್ಣಿಗೆ ಹೊಡೆದಿದೆ. ಒರೆಸಿಕೊಂಡು ಕೆಲಸ ಮುಂದುವರಿಸಿದ್ದಾಳೆ. ಕೆಂಪಾದಾಗ ಊರಿನ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದ್ದಾಳೆ, ಅದರಲ್ಲಿ ಸ್ಟೀರಾಯ್ಡ್. ಮೊದಲೆರಡು ದಿನ ಉರಿ ಕಡಿಮೆಯಾಗಿ ವಾಸಿಯಾಯಿತು ಅಂದುಕೊಂಡಿದ್ದಾಳೆ. ಈಗ ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ. ಫಂಗಸ್ ಇದ್ದ ಹುಣ್ಣಿಗೆ ಸ್ಟೀರಾಯ್ಡ್ ಎಂದರೆ ಕಾವಲುಗಾರನನ್ನು ಮಲಗಿಸಿ ಬಾಗಿಲು ತೆರೆದಿಟ್ಟಂತೆ.

ಕಣ್ಣಿನ ಡಾಕ್ಟರು ನನ್ನನ್ನೂ ಕರೆದು ತೋರಿಸಿದರು. ಫ್ಲೋರೆಸೀನ್ ಹಚ್ಚಿದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಮುಟ್ಟಿಸಿ, ಕಣ್ಣು ಮಿಟುಕಿಸಲು ಹೇಳಿ, ನೀಲಿ ಬೆಳಕು ಬಿಟ್ಟರು. ಕಿತ್ತಳೆ ಬಣ್ಣದ ಪಟ್ಟಿ ಕಣ್ಣೀರಿನಲ್ಲಿ ಕರಗಿದೊಡನೆ ಹಸಿರಾಗಿ ಉರಿಯುತ್ತದೆ. ಕಾರ್ನಿಯಾದ ಮೇಲ್ಪದರ ಗಟ್ಟಿಯಾಗಿದ್ದರೆ ಆ ಬಣ್ಣ ಒಳಗೆ ಇಳಿಯುವುದಿಲ್ಲ, ಜಾರಿಹೋಗುತ್ತದೆ. ಪದರ ಕಿತ್ತಿರುವಲ್ಲಿ ಮಾತ್ರ ನಿಲ್ಲುತ್ತದೆ. ಹುಣ್ಣಿನ ನಕ್ಷೆ ಅಂಚು ಸಮೇತ ಕಂಡಿತು. ಈ ಬಣ್ಣವನ್ನು ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ ಮಾಡಿದ್ದು 1871ರಲ್ಲಿ. ಬಾಟಲಿಯಲ್ಲಿ ದ್ರಾವಣವಾಗಿ ಇಟ್ಟರೆ ಅದರಲ್ಲಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಸೊಗಸಾಗಿ ಬೆಳೆಯುತ್ತದೆ. ಕಣ್ಣು ಪರೀಕ್ಷಿಸಲು ಹೋಗಿ ಕಣ್ಣನ್ನೇ ಕಳೆಯುವ ಸ್ಥಿತಿ. ಒಣ ಪಟ್ಟಿ ಬಂದದ್ದು ಆ ಭಯದಿಂದ.

ಹುಣ್ಣು ಎಲ್ಲಿದೆ ಎಂದು ಫ್ಲೋರೆಸೀನ್ ಹೇಳುತ್ತದೆ, ಯಾರು ಮಾಡಿದ್ದು ಎಂದು ಹೇಳುವುದಿಲ್ಲ. ಅದು ನನ್ನ ಪಾಲಿನ ಕೆಲಸ. ದಕ್ಷಿಣ ಭಾರತದಲ್ಲಿ ಸೋಂಕಿನ ಕಾರ್ನಿಯಾ ಹುಣ್ಣುಗಳಲ್ಲಿ ಅರ್ಧದ ಹತ್ತಿರ ಫಂಗಸ್ಸಿನವು, ಹೆಚ್ಚಾಗಿ ಫ್ಯುಸೇರಿಯಂ, ಆಸ್ಪರ್ಜಿಲಸ್. ಬ್ಯಾಕ್ಟೀರಿಯಾದ ಔಷಧಿ ಇದಕ್ಕೆ ನಾಟುವುದಿಲ್ಲ, ನಾಟಾಮೈಸಿನ್ ಬೇಕು. ಕೆರೆದು ಕೊಟ್ಟ ಚೂರಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡುತ್ತಾ ಕೂತೆ. ಎಲ್ಲವೂ ಪಾರದರ್ಶಕ. ಗಾಜಿನ ಮೇಲೆ ಗಾಜಿನ ನೂಲು ಹುಡುಕಿದ ಹಾಗೆ ಕಣ್ಣು ಸೋಲುತ್ತದೆ. ಒಂದು ಮೂಲೆಯಲ್ಲಿ ಕವಲೊಡೆದ ಎಳೆ ಸಿಕ್ಕಿತು ಎನಿಸಿತು, ಖಚಿತವಿಲ್ಲ. ಎರಡನೆಯ ಸ್ಲೈಡನ್ನು ಮೆಡಿಕಲ್ ಕಾಲೇಜಿಗೆ ಕಳಿಸಿದೆವು.

19 ನವೆಂಬರ್, ಮಂಗಳವಾರ

ಸಂಜೆ ಮೆಡಿಕಲ್ ಕಾಲೇಜಿನಿಂದ ಫೋನು ಬಂತು, ಫೋಟೊ ಸಮೇತ. ಕ್ಯಾಲ್ಕೋಫ್ಲೋರ್ ಎಂಬ ಬಣ್ಣ ಹಾಕಿದ್ದಾರೆ. ಕಪ್ಪಿನ ಮೇಲೆ ನೀಲಿ-ಬಿಳಿ ಎಳೆಗಳು ಬಲೆ ನೇಯ್ದಿವೆ. ಫಂಗಸ್. ನಾಟಾಮೈಸಿನ್ ಇವತ್ತೇ ಶುರು.

ಕ್ಯಾಲ್ಕೋಫ್ಲೋರ್ ವೈಟ್ ಹುಟ್ಟಿದ್ದು ಆಸ್ಪತ್ರೆಗಾಗಿ ಅಲ್ಲವೇ ಅಲ್ಲ. ಬಟ್ಟೆ ಬೆಳ್ಳಗೆ ಕಾಣಲಿ ಎಂದು ಹಾಕುವ ಸ್ಟಿಲ್ಬೀನ್ ಜಾತಿಯ ಬಣ್ಣ ಅದು. ನಮ್ಮ ಕಾಲದವರಿಗೆ ಟಿನೋಪಾಲ್ ನೆನಪಿರುತ್ತದೆ, ಅದೇ ಬಳಗ. ಬಿಸಿಲಿನ ಅತಿನೇರಳೆಯನ್ನು ನುಂಗಿ ನೀಲಿಯಾಗಿ ಉಗುಳಿ, ಹಳದಿಗಟ್ಟಿದ ಅಂಗಿಯನ್ನು ಬಿಳಿ ಎನಿಸುವ ಉಪಾಯ. ಹತ್ತಿಯ ಸೆಲ್ಯುಲೋಸಿಗೆ ಅಂಟಲು ಮಾಡಿದ ಅಣು, ಸೆಲ್ಯುಲೋಸಿನ ದಾಯಾದಿಯಾದ ಕೈಟಿನ್ನಿಗೂ ಅಂಟುತ್ತದೆ. ಫಂಗಸ್ಸಿನ ಗೋಡೆಯಲ್ಲಿರುವುದು ಕೈಟಿನ್. ಮನುಷ್ಯನ ಕಣ್ಣಿನಲ್ಲಿ ಎರಡೂ ಇಲ್ಲ. ಅಷ್ಟೇ ಗುಟ್ಟು.

ತೊಂದರೆಯೂ ಅದರಲ್ಲೇ ಇದೆ. ಹತ್ತಿಯ ಸ್ವಾಬಿನ ಒಂದು ನೂಲು, ಟಿಶ್ಯೂ ಕಾಗದದ ಒಂದು ನವಿರು ಬಿದ್ದಿದ್ದರೂ ಫಂಗಸ್ಸಿಗಿಂತ ಜೋರಾಗಿ ಹೊಳೆಯುತ್ತದೆ. ಹೊಳೆದದ್ದೆಲ್ಲ ರೋಗವಲ್ಲ. ಕವಲು ಇದೆಯೇ, ನಡುವೆ ಅಡ್ಡಗೋಡೆ ಇದೆಯೇ, ಅಗಲ ಒಂದೇ ಸಮ ಇದೆಯೇ ಎಂದು ನೋಡುವ ಕಣ್ಣು ಬೇಕು.

24 ನವೆಂಬರ್, ಭಾನುವಾರ

ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಾಳೆ. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ, ಹೊಳೆಯುವ ಸಾವಯವ ಅಣುಗಳನ್ನು ಕಟ್ಟುವ ಕೆಲಸ. ಊಟದ ನಂತರ ಇಬ್ಬರೂ ಅದೇ ಮಾತಿಗೆ ಕೂತೆವು, ಅಕ್ಕನಿಗೆ ನಿದ್ದೆ ಬಂತು.

ನಾನು ಕೇಳಿದ್ದು ಇದು: ಆರಮಿನ್ ಬಾಟಲಿಯನ್ನೇ ನೀಲಿ ಬೆಳಕಿಗೆ ಹಿಡಿದರೆ ಅಂಥ ಹೊಳಪೇನೂ ಇಲ್ಲ. ಬ್ಯಾಸಿಲಸ್ಸಿಗೆ ಹೋಗಿ ಕೂತಮೇಲೆ ಹೇಗೆ ಅಷ್ಟು ಉರಿಯುತ್ತದೆ? ಇಷ್ಟು ವರ್ಷ ದಿನವೂ ನೋಡಿ, ಕೇಳಬೇಕೆನಿಸದೆ ಉಳಿದಿದ್ದ ಪ್ರಶ್ನೆ.

ಅವಳು ಕಾಗದದ ಮೇಲೆ ಬರೆದು ತೋರಿಸಿದಳು. ಅಣು ಬೆಳಕನ್ನು ನುಂಗಿದಾಗ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಏರುತ್ತದೆ. ಅಲ್ಲಿ ಸ್ವಲ್ಪ ಶಕ್ತಿ ಕಂಪನದಲ್ಲಿ ಸೋರಿ, ಉಳಿದದ್ದು ಕೆಲವು ನ್ಯಾನೊಸೆಕೆಂಡಿನೊಳಗೆ ಬೆಳಕಾಗಿ ಹೊರಬರುತ್ತದೆ. ಆದ್ದರಿಂದ ಹೊರಬರುವ ಬೆಳಕು ಒಳಹೋದದ್ದಕ್ಕಿಂತ ಕಡಿಮೆ ಶಕ್ತಿಯದು, ನೀಲಿ ಕೊಟ್ಟರೆ ಹಸಿರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಕ್ವಿನೀನ್ ದ್ರಾವಣದಲ್ಲಿ ಕಂಡು ಹೇಳಿದ್ದು ಇದನ್ನೇ. ನಮ್ಮ ಸೂಕ್ಷ್ಮದರ್ಶಕದ ಫಿಲ್ಟರು ನಿಂತಿರುವುದೂ ಇದೇ ವ್ಯತ್ಯಾಸದ ಮೇಲೆ: ನೀಲಿಯನ್ನು ತಡೆದು ಹಸಿರನ್ನು ಬಿಡುತ್ತದೆ.

ಆದರೆ ಆರಮಿನ್ ಅಣುವಿನ ರೆಕ್ಕೆಗಳು ಸಡಿಲ. ನೀರಿನಲ್ಲಿ ತಿರುಚಿಕೊಳ್ಳುತ್ತಾ, ನುಂಗಿದ ಶಕ್ತಿಯನ್ನೆಲ್ಲ ಆ ತಿರುಚಾಟದಲ್ಲೇ ಕಳೆದುಬಿಡುತ್ತದೆ. ಇಕ್ಕಟ್ಟಿನಲ್ಲಿ ಸಿಕ್ಕಿ ಅಲುಗಾಡಲಾರದೆ ನಿಂತಾಗ ಶಕ್ತಿಗೆ ಬೇರೆ ದಾರಿಯಿಲ್ಲ, ಬೆಳಕೇ ಆಗಬೇಕು. ಅಲ್ಜೈಮರ್ ಮಿದುಳಿನಲ್ಲೂ ಕಾಣುವ ಅಮೈಲಾಯ್ಡ್ ಎಂಬ ಪ್ರೋಟೀನ್ ನಾರನ್ನು ತೋರಿಸಲು 1959ರಿಂದ ಬಳಸುತ್ತಿರುವ ಥಿಯೋಫ್ಲೇವಿನ್-ಟಿ ಕೂಡ ಇದೇ ಸ್ವಭಾವದ್ದಂತೆ: ಅಮೈಲಾಯ್ಡ್ ನಾರಿನ ಸಂದಿಯಲ್ಲಿ ಸಿಕ್ಕಾಗಲೇ ಹೊಳಪು.

ಅವಳು ಮಾಡುವುದು ಇದರ ಇನ್ನೊಂದು ಕವಲು. ಹಳೆಯ ಬಣ್ಣಗಳು ಒತ್ತೊತ್ತಾಗಿ ಸೇರಿದರೆ ಮಂಕಾಗುತ್ತವೆ. ಫರ್ಸ್ಟರ್ ಮತ್ತು ಕಾಸ್ಪರ್ 1954ರಲ್ಲೇ ಹೇಳಿದ್ದರು. ರಸಾಯನಜ್ಞರೆಲ್ಲ ಅದನ್ನು ಶಾಪದಂತೆ ಸಹಿಸಿಕೊಂಡಿದ್ದರು. 2001ರಲ್ಲಿ ಹಾಂಗ್‌ಕಾಂಗಿನಲ್ಲಿ ಬೆನ್ ಝಾಂಗ್ ಟಾಂಗ್ ಅವರ ತಂಡ ತದ್ವಿರುದ್ಧವಾದುದನ್ನು ಕಂಡಿತು. ಸೈಲೋಲ್ ಎಂಬ ಅಣು ದ್ರಾವಣದಲ್ಲಿ ಕತ್ತಲು, ಗುಂಪುಗಟ್ಟಿದಾಗ ಬೆಳಕು. ಪರೀಕ್ಷೆಯ ತಟ್ಟೆಯ ಮೇಲೆ ಹಸಿಯಿದ್ದ ಚುಕ್ಕೆ ಹೊಳೆಯದೆ, ಒಣಗಿದ ಮೇಲೆ ಹೊಳೆಯಿತು. ಬೇರೆಯವರಾಗಿದ್ದರೆ ಕೆಟ್ಟುಹೋದ ಸ್ಯಾಂಪಲ್ ಎಂದು ಎಸೆಯುತ್ತಿದ್ದರೇನೋ. ಕಾರಣ ಮತ್ತೆ ಅದೇ: ಫ್ಯಾನಿನ ರೆಕ್ಕೆಯಂಥ ಬೆಂಜೀನ್ ಉಂಗುರಗಳು ಗುಂಪಿನಲ್ಲಿ ಒಂದಕ್ಕೊಂದು ತಡೆದು ನಿಲ್ಲುತ್ತವೆ.

ಈಗ ಜಗತ್ತಿನಲ್ಲೆಲ್ಲ ಇಂಥ ಅಣುಗಳ ಸುಗ್ಗಿ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಅಮೈಲಾಯ್ಡ್ ಗುರುತಿಸುವ ಅಣುಗಳ ಮೇಲೆ ಕೆಲಸ ಮಾಡಿದೆ. 2021ರ ಭಟ್ನಾಗರ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು.

"ನಿನ್ನ ಅಣು ಎಷ್ಟು ಹೊಳೆಯುತ್ತೆ?" ಎಂದೆ. ಹೆಮ್ಮೆಯಿಂದ ಹೇಳಿದಳು. "ಎಲ್ಲಿ ಹೊಳೆಯೋದಿಲ್ಲ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನೇ ಗೈಡ್ ಕೂಡ ಕೇಳ್ತಾರೆ" ಎಂದಳು.

7 ಡಿಸೆಂಬರ್, ಶನಿವಾರ

ಇವತ್ತಿನಿಂದ ದೇಶದ 347 ಜಿಲ್ಲೆಗಳಲ್ಲಿ ಕ್ಷಯದ ನೂರು ದಿನಗಳ ಅಭಿಯಾನ. ಹೊಸ ರೋಗಿಗಳಿಗೆ ಈಗ ಮೊದಲ ಪರೀಕ್ಷೆಯೇ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್ ಯಂತ್ರದ್ದು. ನನ್ನ ಸ್ಲೈಡಿಗೆ ಹೆಚ್ಚಾಗಿ ಬರುವವರು ಔಷಧಿ ನುಂಗುತ್ತಿರುವವರು. ಜೀನ್ ಯಂತ್ರ ಸತ್ತ ಬ್ಯಾಸಿಲಸ್ಸಿನ ಡಿಎನ್‌ಎಯನ್ನೂ ಹಿಡಿದುಬಿಡುತ್ತದೆ, ಹಾಗಾಗಿ ಔಷಧಿ ನಾಟಿತೇ ಎಂದು ನೋಡಲು ಇನ್ನೂ ಆರಮಿನ್ ಬೇಕು. ಹುಡುಗ "ಈ ಮೈಕ್ರೊಸ್ಕೋಪಿನ ಕಾಲ ಮುಗೀತು ಬಿಡಿ ಮೇಡಂ" ಎಂದ.

ಆ ಯಂತ್ರದೊಳಗೂ ಇರುವುದು ಹೊಳೆಯುವ ಬಣ್ಣವೇ ಎಂದು ಅವನಿಗೆ ಗೊತ್ತಿರಲಿಲ್ಲ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಆಗಲಿ, ಕೋವಿಡ್ ಕಾಲದ ಆರ್‌ಟಿ-ಪಿಸಿಆರ್ ಆಗಲಿ, ಡಿಎನ್‌ಎ ಹೆಚ್ಚುತ್ತಿರುವುದನ್ನು ತಿಳಿಯುವುದು ಬೆಳಕಿನಿಂದ. ಒಂದು ಪುಟ್ಟ ಡಿಎನ್‌ಎ ಎಳೆಯ ಒಂದು ತುದಿಗೆ ಹೊಳೆಯುವ ಅಣು, ಇನ್ನೊಂದು ತುದಿಗೆ ಅದರ ಬೆಳಕನ್ನು ಕಸಿಯುವ ಅಣು. ಎರಡೂ ಹತ್ತಿರ ಇರುವವರೆಗೆ ಕತ್ತಲು. ರೋಗಾಣುವಿನ ಡಿಎನ್‌ಎ ಇದ್ದರೆ ಎಳೆ ಅದರ ಮೇಲೆ ಕೂರುತ್ತದೆ, ನಕಲು ಮಾಡುತ್ತಾ ಬರುವ ಕಿಣ್ವ ಅದನ್ನು ಕತ್ತರಿಸಿ ಎಸೆಯುತ್ತದೆ, ಬಿಡಿಸಿಕೊಂಡ ಅಣು ಹೊಳೆಯುತ್ತದೆ. ಇಂಥ ಪರೀಕ್ಷೆಗಳಲ್ಲಿ ಬಹಳ ಬಳಕೆಯಲ್ಲಿರುವ ಫ್ಯಾಮ್ ಎಂಬುದು ಬಾಯರ್‌ನ ಫ್ಲೋರೆಸೀನಿನ ಸಂತಾನ. 2020-21ರಲ್ಲಿ ಊರೆಲ್ಲ "ಸಿಟಿ ವ್ಯಾಲ್ಯೂ ಎಷ್ಟು" ಎಂದು ಕೇಳುತ್ತಿತ್ತಲ್ಲ, ಅದು ಎಷ್ಟನೆಯ ಸುತ್ತಿಗೆ ಆ ಬೆಳಕು ಗೆರೆ ದಾಟಿತು ಎಂಬ ಲೆಕ್ಕ. ಇಡೀ ದೇಶ ಫ್ಲೋರೆಸೆನ್ಸಿನ ಅಂಕಿ ಹಿಡಿದು ಹೆದರಿತ್ತು.

8 ಡಿಸೆಂಬರ್, ಭಾನುವಾರ

ತೀರ್ಥಹಳ್ಳಿ ಕಡೆ ಮದುವೆ. ನೆಂಟರ ಮನೆಯಲ್ಲಿ ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಾರೆ, ಸಕ್ಕರೆ ಕಾಯಿಲೆಗೆ ಎಂದು. ಜೇನಿನ ಬಣ್ಣದ ನೀರು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಅಂಗಡಿಯಿಂದ ತರಿಸಿ ಬಿಟ್ಟರೆ ಲೋಟವೆಲ್ಲ ನೀಲಿ. ಮಕ್ಕಳು ಸುತ್ತ ಸೇರಿದವು. ಮೆಕ್ಸಿಕೊದ ಇಂಥದೇ ಒಂದು ಮರದ ನೀರಿನ ನೀಲಿಯನ್ನು ಸ್ಪೇನಿನ ವೈದ್ಯ ಮೊನಾರ್ಡಿಸ್ 1565ರಲ್ಲಿ ಬರೆದಿಟ್ಟಿದ್ದಾನೆ, ಅದೂ ಮೂತ್ರಪಿಂಡದ ಔಷಧಿಯೆಂದು.

ಮಾತ್ರೆ ಬಿಡಬೇಡಿ ಎಂದು ಮಾವನಿಗೆ ಹೇಳಿ ಬಂದೆ. ಕೇಳುತ್ತಾರೆಂಬ ನಂಬಿಕೆ ಇಲ್ಲ.

15 ಡಿಸೆಂಬರ್, ಭಾನುವಾರ

ಅಕ್ಕನ ಮಗಳು ಒಂದಷ್ಟು ಪ್ರಬಂಧಗಳನ್ನು ಕಳಿಸಿದ್ದಳು. ಬೆಳಗಿನಿಂದ ಅದೇ ಓದು. ಮೈಯೊಳಗಿನ ಗೆಡ್ಡೆಯನ್ನು ಹೊಳೆಯಿಸುವ ಮಾತು.

ಮೊಬೈಲ್ ಟಾರ್ಚಿನ ಮೇಲೆ ಬೆರಳು ಒತ್ತಿದರೆ ಕೆಂಪಗೆ ಕಾಣುತ್ತದೆ. ಬಿಳಿ ಬೆಳಕಿನ ನೀಲಿ-ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. ನನ್ನ ಆರಮಿನ್ನು, ಫ್ಲೋರೆಸೀನು ಎಲ್ಲ ಆ ನೀಲಿ-ಹಸಿರಿನವೇ. ಹಾಗಾಗಿ ಅವುಗಳ ಆಟ ತೆಳುವಾದ ಸ್ಲೈಡಿನಲ್ಲಿ, ಇಲ್ಲವೇ ಕಣ್ಣಿನಲ್ಲಿ. ದೇಹದಲ್ಲಿ ಪಾರದರ್ಶಕವಾದ ಅಂಗ ಅದೊಂದೇ. ಮಾಂಸದೊಳಗೆ ಇಳಿಯಬೇಕಾದರೆ 700ರಿಂದ 900 ನ್ಯಾನೊಮೀಟರಿನ ಅವಗೆಂಪು ಬೇಕು. ಅಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ದುಡಿಯುತ್ತಿರುವುದು ಇಂಡೊಸಯನಿನ್ ಗ್ರೀನ್. ಹುಟ್ಟಿದ್ದು ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ. ರಕ್ತನಾಳಕ್ಕೆ ಕೊಟ್ಟರೆ ಪ್ರೋಟೀನಿಗೆ ಅಂಟಿ ಓಡಾಡಿ, ಕೆಲವೇ ನಿಮಿಷದಲ್ಲಿ ಯಕೃತ್ತಿಗೆ ಸೇರಿ ಹೊರಹೋಗುತ್ತದೆ. ಯಾವ ಗೆಡ್ಡೆಯ ಗುರುತೂ ಅದಕ್ಕಿಲ್ಲ. ರಕ್ತ ಎಲ್ಲಿ ಹರಿಯುತ್ತಿದೆ, ದುಗ್ಧರಸ ಎಲ್ಲಿ ಇಳಿಯುತ್ತಿದೆ ಎಂದಷ್ಟೇ ಹೇಳುತ್ತದೆ. ಸಾಚಾ ಬಣ್ಣ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ಅವಗೆಂಪು ಕೂಡ ತಲೆಬುರುಡೆಯ ಮುಂದೆ ಕೈಚೆಲ್ಲುತ್ತದೆ. ಥಿಯೋಫ್ಲೇವಿನ್-ಟಿ ಅಣುವನ್ನೇ ತಿದ್ದಿ ಪಿಟ್ಸ್‌ಬರ್ಗಿನವರು ಬದುಕಿರುವವರ ಮಿದುಳಿನ ಅಮೈಲಾಯ್ಡ್ ಕಾಣುವಂತೆ ಮಾಡಿದರು, 2004ರಲ್ಲಿ. ಆದರೆ ಅದು ಹೊಳೆಯುವುದರಿಂದಲ್ಲ, ಅದರಲ್ಲಿ ವಿಕಿರಣ ಸೂಸುವ ಇಂಗಾಲ ಇಟ್ಟು ಪೆಟ್ ಸ್ಕ್ಯಾನಿನಲ್ಲಿ ನೋಡಿದ್ದರಿಂದ. ಅಂಟುವ ಗುಣ ಉಳಿಸಿಕೊಂಡು ಬೆಳಕನ್ನು ಕೈಬಿಟ್ಟರು.

ಬುರುಡೆ ತೆರೆದ ಮೇಲೆ ಮಾತೇ ಬೇರೆ. 5-ಎಎಲ್‌ಎ ಬಗ್ಗೆ ಓದಿ ನನಗೆ ಇವತ್ತು ಎಲ್ಲಕ್ಕಿಂತ ಹೆಚ್ಚು ಖುಷಿಯಾಯಿತು. ಅದು ಬಣ್ಣವೇ ಅಲ್ಲ. ಹೀಮ್ ತಯಾರಿಕೆಯ ದಾರಿಯಲ್ಲಿ ಬರುವ ಒಂದು ಕಚ್ಚಾ ಸಾಮಗ್ರಿ. ಶಸ್ತ್ರಕ್ರಿಯೆಗೆ ಕೆಲವು ಗಂಟೆ ಮುಂಚೆ ಕುಡಿಸುತ್ತಾರೆ. ಮಿದುಳಿನ ಗ್ಲಯೋಮಾ ಗೆಡ್ಡೆಯ ಜೀವಕೋಶಗಳು ಅದನ್ನು ಪ್ರೊಟೊಪೋರ್ಫಿರಿನ್ ಮಾಡಿ ಒಳಗೇ ಗುಡ್ಡೆ ಹಾಕಿಕೊಳ್ಳುತ್ತವೆ, ನೀಲಿ ಬೆಳಕಿನಲ್ಲಿ ಕೆಂಪಾಗುತ್ತವೆ. ಕಳ್ಳನೇ ತನ್ನ ಗುರುತನ್ನು ತಯಾರಿಸಿಕೊಂಡ ಹಾಗೆ. ಜರ್ಮನಿಯಲ್ಲಿ ವಾಲ್ಟರ್ ಸ್ಟುಮ್ಮರ್ ಮತ್ತು ಜೊತೆಯವರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎಂಆರ್‌ಐಯಲ್ಲಿ ಕಾಣುವ ಗೆಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದದ್ದು ಶೇಕಡಾ 65 ಮಂದಿಯಲ್ಲಿ. ಮಾಮೂಲಿ ಬಿಳಿ ಬೆಳಕಿನಲ್ಲಿ ಶೇಕಡಾ 36. ಅಮೆರಿಕ ಒಪ್ಪಿದ್ದು 2017ರಲ್ಲಿ.

ಈ ವರ್ಷ ಏಪ್ರಿಲ್‌ನಲ್ಲಿ ಅಲ್ಲಿ ಇನ್ನೊಂದಕ್ಕೆ ಅನುಮತಿ ಸಿಕ್ಕಿದೆ: ಪೆಗುಲಿಸಯನಿನ್, ಸ್ತನದ ಗೆಡ್ಡೆ ತೆಗೆದ ಮೇಲೆ ಉಳಿದ ಚೂರು ಹುಡುಕಲು. ಅದರ ಬೆಳಕನ್ನು ಕಟ್ಟಿಹಾಕಿರುತ್ತಾರೆ, ಗೆಡ್ಡೆಯಲ್ಲಿ ಹೆಚ್ಚಾಗಿರುವ ಕಿಣ್ವಗಳು ಆ ಕಟ್ಟು ಕತ್ತರಿಸಿದಲ್ಲಿ ಹೊಳಪು. ನಮ್ಮ ಪಿಸಿಆರ್ ಎಳೆಯದೇ ಯುಕ್ತಿ, ಮನುಷ್ಯನ ಎದೆಯೊಳಗೆ. ತೀವ್ರ ಅಲರ್ಜಿ ಆಗಬಹುದು ಎಂಬ ದಪ್ಪಕ್ಷರದ ಎಚ್ಚರಿಕೆಯೂ ಜೊತೆಗಿದೆ. ಇಲಿಯಲ್ಲಿ ಚೆನ್ನಾಗಿ ಹೊಳೆದ ನೂರಾರು ಅಣುಗಳಲ್ಲಿ ಆಪರೇಷನ್ ಟೇಬಲ್ಲಿನ ತನಕ ಬಂದವು ಬೆರಳೆಣಿಕೆಯಷ್ಟು.

20 ಡಿಸೆಂಬರ್, ಶುಕ್ರವಾರ

ಭತ್ತದ ಹೊಟ್ಟು ಹೊಡೆದಿದ್ದ ಆ ಹೆಂಗಸಿನ ಕಣ್ಣು ಉಳಿಯಿತು. ಫ್ಲೋರೆಸೀನ್ ಹಾಕಿದರೆ ಹಸಿರು ನಿಲ್ಲುತ್ತಿಲ್ಲ, ಅಂದರೆ ಪದರ ಮುಚ್ಚಿಕೊಂಡಿದೆ. ಬಿಳಿ ಕಲೆ ಹಾಗೇ ಇದೆ, ದೃಷ್ಟಿ ಮೊದಲಿನಂತಾಗುವುದಿಲ್ಲ.

ಕಣ್ಣಿನ ವಿಭಾಗದ ಅದೇ ಕೋಣೆಯಲ್ಲಿ ಇನ್ನೊಬ್ಬರು, ಸಕ್ಕರೆ ಕಾಯಿಲೆಯವರು, ಗಾಬರಿಯಲ್ಲಿ ಕೂತಿದ್ದರು. ನಿನ್ನೆ ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ಆಂಜಿಯೋಗ್ರಾಂ ಆಗಿದೆ, ಮೂತ್ರವೆಲ್ಲ ಕಿತ್ತಳೆ ಬಣ್ಣ, ಯಾರೂ ಮೊದಲೇ ಹೇಳಿಲ್ಲ. ತೋಳಿನ ರಕ್ತನಾಳಕ್ಕೆ ಕೊಟ್ಟ ಫ್ಲೋರೆಸೀನ್ ಮೂತ್ರದಲ್ಲಿ ಹೊರಬರುವುದು, ಒಂದು ದಿನದಲ್ಲಿ ತಿಳಿಯಾಗುತ್ತದೆ ಎಂದೆ. ಈ ಪರೀಕ್ಷೆ ಕಂಡುಹಿಡಿದವರು ಅಮೆರಿಕದ ಇಂಡಿಯಾನಾದ ಇಬ್ಬರು ವೈದ್ಯ ವಿದ್ಯಾರ್ಥಿಗಳು, ನೊವೊಟ್ನಿ ಮತ್ತು ಆಲ್ವಿಸ್. ಮೊದಲು ಚಿತ್ರ ತೆಗೆದದ್ದು ಆಲ್ವಿಸ್‌ನ ಕಣ್ಣಿನದೇ. ಕಣ್ಣಿನ ಪತ್ರಿಕೆ ತಿರಸ್ಕರಿಸಿ, 1961ರಲ್ಲಿ ಹೃದಯದ ಪತ್ರಿಕೆಯಲ್ಲಿ ಅಚ್ಚಾಯಿತು.

2 ಜನವರಿ 2025, ಗುರುವಾರ

ವಾರ್ಷಿಕ ಬೇಡಿಕೆ ಪಟ್ಟಿ ಕೇಳಿದ್ದಾರೆ. ಹೋದ ವರ್ಷ ಬರೆದದ್ದು ಯಾವ ಮೇಜಿನ ಮೇಲೆ ಮಲಗಿತೋ. ಮತ್ತೆ ಬರೆದೆ, ಈ ಸಲ ಕಾರಣ ಸಮೇತ:

ಕ್ಷಯಕ್ಕೆಂದು ಕೊಟ್ಟ ಎಲ್‌ಇಡಿ ಸೂಕ್ಷ್ಮದರ್ಶಕ ನಮ್ಮಲ್ಲಿದೆ. ಅದರ ಬೆಳಕು 450 ನ್ಯಾನೊಮೀಟರ್ ಸುತ್ತಿನ ನೀಲಿ, ಆರಮಿನ್ನಿಗೆ ಸರಿಹೊಂದಿಸಿದ್ದು. ಕ್ಯಾಲ್ಕೋಫ್ಲೋರ್ ನುಂಗುವುದು ಅತಿನೇರಳೆಯನ್ನು, ಈ ನೀಲಿಯಲ್ಲಿ ಅದು ಎಚ್ಚರಗೊಳ್ಳುವುದಿಲ್ಲ. ಅತಿನೇರಳೆ ಎಲ್‌ಇಡಿ ಮತ್ತು ಹೊಂದುವ ಫಿಲ್ಟರು ಇರುವ ಒಂದು ಉಪಕರಣ, ಒಂದು ಬಾಟಲಿ ಕ್ಯಾಲ್ಕೋಫ್ಲೋರ್ ಸಿಕ್ಕರೆ ಕಣ್ಣಿನ ಫಂಗಸ್ಸನ್ನು ಬಂದ ದಿನವೇ ಇಲ್ಲಿಯೇ ಹೇಳಬಹುದು. ಒಂದು ದಿನ ಉಳಿಯುತ್ತದೆ. ಕಾರ್ನಿಯಾದಲ್ಲಿ ಒಂದು ದಿನ ದೊಡ್ಡದು.

ಅಕ್ಕನ ಮಗಳಿಗೂ ಇವತ್ತೇ ಉತ್ತರ ಬರೆದೆ. ಹೊಸ ಅಣುವಿನ ಬಗ್ಗೆ ಅಭಿಪ್ರಾಯ ಕೇಳಿದ್ದಳು. ಹೊಳಪಿನ ಅಂಕಿ ಆಮೇಲೆ ನೋಡೋಣ, ಮೊದಲು ಮೂರು ಮಾತು ಹೇಳು ಎಂದು ಬರೆದಿದ್ದೇನೆ: ಹತ್ತಿಯ ನೂಲಿಗೆ ಅಂಟುತ್ತದೆಯೇ, ಏಪ್ರಿಲ್ ಬಿಸಿಲಲ್ಲಿ ಫ್ರಿಜ್ ಇಲ್ಲದ ಕಪಾಟಿನಲ್ಲಿ ಉಳಿಯುತ್ತದೆಯೇ, ನನ್ನಲ್ಲಿರುವ ದೀಪದಲ್ಲಿ ಕಾಣುತ್ತದೆಯೇ. ಮೂರಕ್ಕೂ ಉತ್ತರ ಇಲ್ಲದಿದ್ದರೆ ಅದು ಒಳ್ಳೆಯ ಪ್ರಬಂಧವಾಗುತ್ತದೆ, ಪರೀಕ್ಷೆಯಾಗುವುದಿಲ್ಲ.